ಲೇಸರ್‌ಗೆ ಲಗಾಮು ಹಾಕುವ ರುಬಿಡಿಯಂ

ಬೀದರ್, ಭಾಲ್ಕಿ, ಔರಾದ್‌ನ ಪಿಯುಸಿ ಗೆಳೆಯರೇ, ಈ ಗಾಜಿನ ಕೊಳವೆ ನೋಡಿ. ಕಣ್ಣಿಗೆ ಖಾಲಿ, ಒಳಗಿರೋದು ರುಬಿಡಿಯಂ ಆವಿ. ಈ ಆವಿ ಬಳಸಿ ಲೇಸರ್‌ ಅನ್ನು ಸ್ಥಿರವಾಗಿಡೋ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆ.

ಲೇಸರ್ ಡಯೋಡ್ ತುಸು ಬಿಸಿಯಾದರೂ ಸಾಕು, ಬೆಳಕಿನ ಆವೃತ್ತಿ ಜಾರುತ್ತೆ. ಪರಮಾಣು ಹಾಗಲ್ಲ, ರುಬಿಡಿಯಂ 780 ನ್ಯಾನೋಮೀಟರ್ ಬಳಿ ತನಗೆ ಹೊಂದುವ ಬೆಳಕನ್ನಷ್ಟೇ ಹೀರುತ್ತೆ; ರೋಹಿತದಲ್ಲಿ ಅದು ಗೆರೆಯಾಗಿ ಕಾಣುತ್ತೆ. ತೊಂದರೆ ಏನಂದ್ರೆ, ಪರಮಾಣುಗಳು ಅತ್ತಿತ್ತ ಓಡೋದ್ರಿಂದ ಡಾಪ್ಲರ್ ಪರಿಣಾಮವಾಗಿ ಆ ಗೆರೆ ಅಗಲವಾಗಿಬಿಡುತ್ತೆ. ಇದಕ್ಕೆ ಕಂಡುಕೊಂಡ ಉಪಾಯ ನನಗಂತೂ ಬಹಳ ಇಷ್ಟ: ಎದುರುಬದುರು ಎರಡು ಕಿರಣ ಹಾಯಿಸ್ತಾರೆ. ಕಿರಣದ ದಿಕ್ಕಿನಲ್ಲಿ ಓಡದ ಪರಮಾಣುಗಳು ಎರಡಕ್ಕೂ ಒಟ್ಟಿಗೆ ಸ್ಪಂದಿಸಿ ಚೂಪಾದ ಗೆರೆ ಮೂಡಿಸುತ್ತವೆ. ಆ ಗೆರೆಗೆ ಲೇಸರ್ ಕಟ್ಟಿಹಾಕ್ತಾರೆ. ಜಾರಿದ ಕೂಡಲೇ ಸರ್ಕ್ಯೂಟ್ ಕರೆಂಟ್ ತಿದ್ದಿ ವಾಪಸ್ ತರುತ್ತೆ.

2023ರ ಮೇ 29ರಂದು ಹಾರಿದ ಇಸ್ರೋದ ಎನ್‌ವಿಎಸ್-01 ಉಪಗ್ರಹದ ಸ್ವದೇಶಿ ಪರಮಾಣು ಗಡಿಯಾರದಲ್ಲೂ ಇರೋದು ಇದೇ ರುಬಿಡಿಯಂ.