ಮಿಶ್ರ ಚರ್ಮದ ಆರೈಕೆ

ಮುಖವನ್ನು ತೊಳೆದು ಒಂದೆರಡು ಗಂಟೆಗಳಾಗುವುದರೊಳಗೆ ಹಣೆಯೂ ಮೂಗೂ ಜಿಡ್ಡಿನಿಂದ ಹೊಳೆಯತೊಡಗುತ್ತವೆ. ಅದೇ ವೇಳೆಗೆ ಕೆನ್ನೆಗಳು ಬಿಗಿದುಕೊಂಡು, ಬಾಯಿಯ ಅಂಚಿನಲ್ಲಿ ಬಿಳಿಯ ಹುಡಿ ಏಳುತ್ತದೆ. ಜಿಡ್ಡು ಚರ್ಮಕ್ಕೆಂದು ಹೇಳಿದ ಉಪಾಯವನ್ನು ಅನುಸರಿಸಿದರೆ ಕೆನ್ನೆ ಉರಿಯುತ್ತದೆ. ಒಣ ಚರ್ಮಕ್ಕೆಂದು ಹೇಳಿದುದನ್ನು ಅನುಸರಿಸಿದರೆ ಹಣೆಯಲ್ಲಿ ಮೊಡವೆಗಳೇಳುತ್ತವೆ. ಇಂತಹ ಚರ್ಮಕ್ಕೆ ಮಿಶ್ರ ಚರ್ಮವೆಂದು ಹೆಸರು. ಇದು ರೋಗವಲ್ಲ. ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಸಾಮಾನ್ಯವಾಗಿ ಕಂಡುಬರುವ ಚರ್ಮದ ಸಹಜ ಸ್ವಭಾವಗಳಲ್ಲಿ ಇದೂ ಒಂದು.

ಇದಕ್ಕೆ ಕಾರಣ ಸರಳವಾಗಿದೆ. ಚರ್ಮದೊಳಗಿನ ತೈಲಗ್ರಂಥಿಗಳು ಶರೀರದ ಎಲ್ಲೆಡೆಯೂ ಸಮನಾಗಿ ಹರಡಿಲ್ಲ. ಅಂಗೈ ಅಂಗಾಲುಗಳಲ್ಲಿ ಅವು ಇಲ್ಲವೇ ಇಲ್ಲ. ಮುಖ ಮತ್ತು ನೆತ್ತಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 400 ರಿಂದ 900 ರವರೆಗೆ ಇರುತ್ತವೆ; ಅದರಲ್ಲಿಯೂ ಹಣೆ, ಮೂಗು, ಗದ್ದಗಳ ಗ್ರಂಥಿಗಳು ಹೆಚ್ಚು ಚುರುಕಾಗಿರುತ್ತವೆ. ಪ್ರಾಯಕ್ಕೆ ಬರುವ ಕಾಲದಲ್ಲಿ ರಕ್ತದಲ್ಲಿ ಹೆಚ್ಚುವ ಹಾರ್ಮೋನುಗಳು ಈ ಗ್ರಂಥಿಗಳನ್ನು ಪ್ರಚೋದಿಸುತ್ತವೆ. ಆದುದರಿಂದ ದಿನಕ್ಕೆ ಐದಾರು ಬಾರಿ ಸಾಬೂನು ಹಚ್ಚಿ ತೊಳೆದರೂ ಜಿಡ್ಡು ನಿಲ್ಲುವುದಿಲ್ಲ. ಗ್ರಂಥಿಗಳು ಹಾರ್ಮೋನಿನ ಮಾತನ್ನು ಕೇಳುತ್ತವೆಯೇ ಹೊರತು ಸಾಬೂನಿನ ಮಾತನ್ನಲ್ಲ. ಆರೋಗ್ಯವಂತ ಚರ್ಮದ ಮೇಲ್ಪದರವು ಸ್ವಲ್ಪ ಆಮ್ಲೀಯವಾಗಿರುತ್ತದೆ. ಸಾಮಾನ್ಯ ಸಾಬೂನು ಕ್ಷಾರೀಯವಾದುದು. ಪದೇ ಪದೇ ತೊಳೆದಾಗ ಕೆನ್ನೆಯ ತೇವವನ್ನು ಹಿಡಿದಿಡುವ ಅಲ್ಪಸ್ವಲ್ಪ ಸ್ನಿಗ್ಧತೆಯೂ ಹೋಗುತ್ತದೆ. ಬಯಲುಸೀಮೆಯ ಅನೇಕ ಊರುಗಳಲ್ಲಿರುವಂತೆ ಕೊಳವೆಬಾವಿಯ ಗಡಸು ನೀರಾದರೆ ಸಾಬೂನಿನ ಕೊಳೆ ಚರ್ಮದ ಮೇಲೆಯೇ ಉಳಿದು ಉರಿಯನ್ನು ಹೆಚ್ಚಿಸುವುದೂ ಉಂಟು.

ಮುಖವನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಬಹಳ ಬೆವರಿದಾಗ ಮತ್ತೊಮ್ಮೆ ತೊಳೆದರೆ ಸಾಕು. ಸೌಮ್ಯವಾದ ಸಾಬೂನನ್ನು ಹಣೆ, ಮೂಗು, ಗದ್ದಗಳಿಗೆ ಹಚ್ಚಿ, ಕೆನ್ನೆಗಳಿಗೆ ಕೈಯಲ್ಲುಳಿದ ನೊರೆಯನ್ನು ಮಾತ್ರ ಸವರಬೇಕು. ಹೆಸರುಹಿಟ್ಟನ್ನು ಬಳಸುವವರು ಅದನ್ನು ನುಣ್ಣಗೆ ಜರಡಿ ಹಿಡಿದು ಬಳಸಬಹುದು. ತರಿತರಿಯಾದ ಹಿಟ್ಟಿನಿಂದ ಉಜ್ಜಬಾರದು. ನಿಂಬೆರಸ, ಅಡಿಗೆ ಸೋಡ, ಹಲ್ಲುಜ್ಜುವ ಪೇಸ್ಟು ಮುಖಕ್ಕೆ ತಕ್ಕವಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮ ಸುಟ್ಟು ಕಪ್ಪು ಕಲೆಗಳು ತಿಂಗಳುಗಟ್ಟಲೆ ಉಳಿಯಬಹುದು. ತೊಳೆದ ಮುಖವನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ, ಇನ್ನೂ ತೇವವಿರುವಾಗಲೇ ಕೆನ್ನೆಗಳಿಗೆ ಗ್ಲಿಸರಿನ್ ಬೆರೆತ ಲೋಷನ್ನನ್ನು ತೆಳುವಾಗಿ ಹಚ್ಚಬೇಕು. ಹಣೆಗೆ ಅದು ಬೇಕಾಗದಿರಬಹುದು. ಚಳಿಗಾಲದ ಒಣಗಾಳಿಯಲ್ಲಿ ಹೆಚ್ಚು, ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ಕಡಮೆ ಎಂಬಂತೆ ಪ್ರಮಾಣವನ್ನು ಋತುವಿಗೆ ತಕ್ಕಂತೆ ಬದಲಿಸಿಕೊಳ್ಳತಕ್ಕದ್ದು.

ತಲೆಗೆ ಎಣ್ಣೆ ಹಚ್ಚುವುದು ನಮ್ಮ ಮನೆಗಳ ರೂಢಿ, ಅದನ್ನು ಬಿಡಬೇಕೆಂದಲ್ಲ. ಆದರೆ ಕೂದಲಿನಿಂದ ಹಣೆಗೆ ಇಳಿದ ಎಣ್ಣೆ ರಂಧ್ರಗಳನ್ನು ಮುಚ್ಚಿ, ಹಣೆಯ ಮೇಲಂಚಿನಲ್ಲಿ ಸಣ್ಣ ಸಣ್ಣ ಮೊಡವೆಗಳನ್ನು ಸಾಲಾಗಿ ಎಬ್ಬಿಸುತ್ತದೆ. ಹಣೆಯ ಅಂಚನ್ನು ಬಿಟ್ಟು ಹಚ್ಚಿ, ಮಿಕ್ಕುದನ್ನು ಒರೆಸಿಬಿಡಬೇಕು.

ಮೂಗಿನ ಇಕ್ಕೆಲಗಳಲ್ಲಿ ಮತ್ತು ಹುಬ್ಬುಗಳಲ್ಲಿ ಚರ್ಮ ಕೆಂಪಾಗಿ ಜಿಡ್ಡಿನ ಹೊಟ್ಟು ಏಳುತ್ತಿದ್ದು, ತಲೆಯಲ್ಲಿಯೂ ಹೊಟ್ಟಿದ್ದರೆ, ಅದನ್ನು ಒಣ ಚರ್ಮವೆಂದು ಭಾವಿಸಿ ಎಣ್ಣೆ ಸವರಬಾರದು. ಅದು ಬೇರೆಯೇ ತೊಂದರೆ. ಅದಕ್ಕೆ ವೈದ್ಯರಲ್ಲಿ ಸುಲಭವಾದ ಚಿಕಿತ್ಸೆಯಿದೆ.

ಇಷ್ಟರವರೆಗೆ ಹೇಳಿದ ತಪ್ಪುಗಳಿಂದ ಆಗುವ ಹಾನಿ ಬಹುಮಟ್ಟಿಗೆ ಸರಿಹೋಗುವಂತಹುದು. ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರಿಸಬೇಕಾದ ವಿಷಯವೊಂದಿದೆ. ಹೆಣ್ಣು ನೋಡಲು ಬರುವವರಿದ್ದಾರೆಂದು ತಾಯಿಯೇ ಔಷಧದ ಅಂಗಡಿಯಿಂದ ಟ್ಯೂಬೊಂದನ್ನು ತರಿಸಿ ಮಗಳಿಗೆ ಕೊಡುವುದುಂಟು. ಒಂದೆರಡು ವಾರಗಳಲ್ಲಿ ಮೊಡವೆ ಇಳಿದು, ಬಣ್ಣ ತಿಳಿಯಾದಂತೆ ಕಾಣುತ್ತದೆ. ನಂಬಿಕೆ ಹುಟ್ಟುವುದು ಇಲ್ಲಿಯೇ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದರೆ, ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆನ್ನೆಗಳಲ್ಲಿ ಎಳೆಎಳೆಯಾಗಿ ಕೆಂಪು ನಾಳಗಳು ಕಾಣತೊಡಗುತ್ತವೆ. ಮುಖದಲ್ಲಿ ರೋಮ ಬೆಳೆಯಬಹುದು. ಬಿಸಿಲು ತಾಕಿದೊಡನೆ ಉರಿಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಮುಖ ಮೊದಲಿಗಿಂತಲೂ ಕೆಂಪಾಗಿ ಮೊಡವೆಗಳು ಒತ್ತರಿಸಿಕೊಂಡು ಬರುತ್ತವೆ. ಹೆದರಿದ ಹುಡುಗಿ ಮರಳಿ ಅದೇ ಟ್ಯೂಬಿಗೆ ಕೈಹಾಕುತ್ತಾಳೆ.

ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಇವು ಕೆಟ್ಟ ಔಷಧಗಳಲ್ಲ. ಇಸಬು ಮುಂತಾದ ರೋಗಗಳಲ್ಲಿ ವೈದ್ಯರೇ ಇವುಗಳನ್ನು ಗೊತ್ತಾದ ದಿನಗಳಿಗೆಂದು ಬರೆದುಕೊಡುತ್ತಾರೆ. ಬಣ್ಣ ಬಿಳುಪಾಗಲೆಂದು ಹಚ್ಚುವುದೇ ತಪ್ಪು. 2018 ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮವನ್ನು ಬಿಗಿಗೊಳಿಸಿತು. ಆದರೂ ನೆರೆಮನೆಯವರ ಸಲಹೆಗೆ ಚೀಟಿ ಬೇಕಾಗಿಲ್ಲವಷ್ಟೆ! ಬಹುಕಾಲದಿಂದ ಹಚ್ಚುತ್ತಿರುವವರು ನಾಚಿಕೊಳ್ಳದೆ ಚರ್ಮವೈದ್ಯರನ್ನು ಕಾಣಬೇಕು. ಬಿಟ್ಟಾಗ ಉಂಟಾಗುವ ಉರಿ ಕ್ರಮೇಣ ತಗ್ಗುತ್ತದೆ. ಆದರೆ ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಮೊಡವೆಯ ಔಷಧಗಳ ವಿಷಯದಲ್ಲಿ ವಿಶೇಷ ಜಾಗರೂಕತೆ ವಹಿಸಬೇಕು. ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯಿಂದ ಹುಟ್ಟುವ ಮಗುವಿಗೆ ತೀವ್ರ ಅಂಗವೈಕಲ್ಯ ಉಂಟಾಗಬಹುದು. ಅದನ್ನು ಸೇವಿಸುವ ಕಾಲದಲ್ಲಿಯೂ, ನಿಲ್ಲಿಸಿದ ಮೇಲೆ ಕಡಮೆಯೆಂದರೆ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಟ್ರೆಟಿನಾಯಿನ್ ಇರುವ ಲೇಪನವನ್ನೂ ಗರ್ಭಿಣಿಯರು ಬಿಡಬೇಕು. ಬಸುರಿನಲ್ಲಿ ಕೆನ್ನೆಗಳ ಮೇಲೆ ಮೂಡುವ ಬಂಗು ಅನೇಕರಲ್ಲಿ ಹೆರಿಗೆಯ ತರುವಾಯ ತಾನಾಗಿ ತಿಳಿಯಾಗುತ್ತದೆ. ಗರ್ಭನಿರೋಧಕ ಗುಳಿಗೆ ಸೇವಿಸುವ ಕೆಲವರಲ್ಲಿಯೂ ಬಂಗು ಕಾಣುವುದುಂಟು. ಆ ಕಾರಣದಿಂದ ಗುಳಿಗೆಯನ್ನು ಥಟ್ಟನೆ ಬಿಟ್ಟು ಬೇಡದ ಬಸುರಿಗೆ ಒಳಗಾಗುವ ಬದಲು, ಆರೋಗ್ಯ ಕೇಂದ್ರದಲ್ಲಿ ಬೇರೆ ವಿಧಾನದ ಬಗ್ಗೆ ವಿಚಾರಿಸಬೇಕು.

ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರಗಳು ಬೇಕು. ಆದುದರಿಂದ ಯಾವುದೇ ಕ್ರಮವನ್ನು ವಾರಕ್ಕೊಮ್ಮೆ ಬದಲಿಸಿದರೆ ಗುಣಾವಗುಣ ತಿಳಿಯದು. ವೈದ್ಯರ ಬಳಿಗೆ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಯಲ್ಲಿ ಒಯ್ಯಬೇಕು. ಹಿಂಡಿ ಮುಗಿದ ಖಾಲಿ ಟ್ಯೂಬಾದರೂ ಆದೀತು, ಅದರ ಮೇಲೆ ಹೆಸರಿರುತ್ತದೆ.