ಕೆಮ್ಮಣ್ಣುಗುಂಡಿಯ ಚಳಿ: ಮಗು ಯಾರ ಕೈಯಲ್ಲಿ?



ಡಿಸೆಂಬರ್ ಬಂತೆಂದರೆ ಪ್ರವಾಸದ ಮಾತೂ ಬರುತ್ತದೆ. ಶಾಲೆಯಿಂದ ಹೋಗುವ ಪ್ರವಾಸ ಒಂದು ಬಗೆ. ಅಜ್ಜಿಯಿಂದ ಹಿಡಿದು ಎರಡು ವರ್ಷದ ತಮ್ಮನವರೆಗೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಡುವುದು ಇನ್ನೊಂದು ಬಗೆ. ಶಾಲೆಯ ಪ್ರವಾಸದಲ್ಲಿ ನಿಮ್ಮನ್ನು ನೋಡಿಕೊಳ್ಳಲು ಮೇಷ್ಟರಿರುತ್ತಾರೆ. ಮನೆಯ ಪ್ರವಾಸದಲ್ಲಿ ಚಿಕ್ಕವರನ್ನು ನೋಡಿಕೊಳ್ಳುವವರು ಯಾರು? ಹೊರಡುವ ಮೊದಲು ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬೆಟ್ಟ ಹತ್ತಿದ ಮೇಲೆ ಉತ್ತರ ತಾನಾಗಿಯೇ ಸಿಗುತ್ತದೆ: ಅಮ್ಮ. ಉಳಿದವರೆಲ್ಲ ಸೂರ್ಯಾಸ್ತ ನೋಡಲು ಹೋಗುತ್ತಾರೆ. ಅಮ್ಮ ಮಗುವಿನೊಂದಿಗೆ ಕೊಠಡಿಯಲ್ಲಿ ಉಳಿಯುತ್ತಾರೆ.

ಹಾಗಾಗದಂತೆ ನೋಡಿಕೊಳ್ಳಲು ಸಾಧ್ಯವೇ? ಕೆಮ್ಮಣ್ಣುಗುಂಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಚಾರಿಸೋಣ. ಅಲ್ಲಿಯ ಚಳಿ ಎಂಥದು, ಅದು ಪುಟ್ಟ ಮಕ್ಕಳನ್ನು ಏಕೆ ಹೆಚ್ಚು ಬಾಧಿಸುತ್ತದೆ, ಅಲ್ಲಿ ಏನೇನು ಆಡಬಹುದು, ಕಾವಲಿನ ಕೆಲಸವನ್ನು ಹೇಗೆ ಹಂಚಿಕೊಳ್ಳಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಹಿಮವಿಲ್ಲದ ಚಳಿ

ಕೆಮ್ಮಣ್ಣುಗುಂಡಿ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ, ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿದೆ. ಕೆಂಪು ಮಣ್ಣಿನ ಗುಂಡಿ ಎಂದೇ ಹೆಸರಿನ ಅರ್ಥ. ಈ ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣ. 1923ರಲ್ಲಿ ಕಬ್ಬಿಣ ತಯಾರಿಸತೊಡಗಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಇಲ್ಲಿ ತಂಗುತ್ತಿದ್ದುದರಿಂದ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಇದೆ. ಇಲ್ಲಿನ ಉದ್ಯಾನ ತೋಟಗಾರಿಕೆ ಇಲಾಖೆಗೆ ಸೇರಿದ್ದು.

ಸಮುದ್ರಮಟ್ಟದಿಂದ ಇದರ ಎತ್ತರ 1,434 ಮೀಟರ್. ತರೀಕೆರೆ ಪಟ್ಟಣದ ಎತ್ತರ ಸುಮಾರು 700 ಮೀಟರ್. ಗಾಳಿಯಲ್ಲಿ ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಲೆಕ್ಕ ಹಾಕಿ: ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವಷ್ಟರಲ್ಲಿ ಸುಮಾರು 5 ಡಿಗ್ರಿ ಕಡಿಮೆಯಾಯಿತು.

ಹಾಗಾದರೆ ಇಲ್ಲಿ ಕಾಶ್ಮೀರದ ಹಾಗೆ ಹಿಮ ಏಕೆ ಬೀಳುವುದಿಲ್ಲ? ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಹೆಸರಾದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅದೂ ಅಲ್ಲದೆ 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಾವು ಇರುವುದು 13–14 ಡಿಗ್ರಿಯಲ್ಲಿ, ಉಷ್ಣವಲಯದಲ್ಲಿ. ಇಲ್ಲಿ ಸರಾಸರಿ ಉಷ್ಣತೆ ಸೊನ್ನೆಗೆ ಇಳಿಯಬೇಕಾದರೆ 4,000 ಮೀಟರಿಗಿಂತ ಮೇಲೆ ಹೋಗಬೇಕು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಆದ್ದರಿಂದ ನಮಗೆ ದೊರಕುವುದು ಹಿಮವಲ್ಲ, ಮಂಜು ಮತ್ತು ಇಬ್ಬನಿ.

ಚಳಿಗಾಲದ ಬೆಳಗ್ಗೆ ಇಲ್ಲಿ ನಿಂತರೆ ಕೆಲವು ದಿನ ಕೆಳಗಿನ ಕಣಿವೆ ಹಾಲಿನ ಸಮುದ್ರದಂತೆ ಕಾಣುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಅದರಲ್ಲಿದ್ದ ನೀರಾವಿ ಸಣ್ಣ ಹನಿಗಳಾಗಿ ತೇಲುವುದೇ ಮಂಜು. ಹುಲ್ಲಿನ ಮೇಲೆ ಕುಳಿತ ಹನಿ ಇಬ್ಬನಿ. ಇಬ್ಬನಿಯಲ್ಲಿ ನಡೆದ ಮಗುವಿನ ಬೂಟು, ಕಾಲುಚೀಲ ಒದ್ದೆಯಾಗುತ್ತವೆ ಎಂಬುದು ಮಾತ್ರ ನೆನಪಿರಲಿ.

ಚಿಕ್ಕ ಮೈ, ದೊಡ್ಡ ಚಳಿ

"ನನಗೇ ಚಳಿಯಾಗುತ್ತಿಲ್ಲ, ಮಗುವಿಗೇನು?" ಎನ್ನುವವರಿದ್ದಾರೆ. ಇದು ಸರಿಯಲ್ಲ. ಏಕೆಂದು ತಿಳಿಯಲು ಒಂದು ಸರಳ ಲೆಕ್ಕ ಸಾಕು.

ಒಂದು ಸೆಂಟಿಮೀಟರ್ ಬದಿಯ ಘನವನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್, ಗಾತ್ರ 1 ಘನ ಸೆಂಟಿಮೀಟರ್. ಎರಡು ಸೆಂಟಿಮೀಟರ್ ಬದಿಯ ಘನಕ್ಕೆ ಮೇಲ್ಮೈ 24, ಗಾತ್ರ 8. ಅಂದರೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ 6 ಇದ್ದದ್ದು 3ಕ್ಕೆ ಇಳಿಯಿತು. ಶಾಖ ತಯಾರಾಗುವುದು ಮೈಯ ಒಳಗೆ, ಸೋರಿಹೋಗುವುದು ಮೇಲ್ಮೈಯಿಂದ. ಪುಟ್ಟ ದೇಹಕ್ಕೆ ತನ್ನ ಗಾತ್ರದ ಲೆಕ್ಕದಲ್ಲಿ ಮೇಲ್ಮೈ ಹೆಚ್ಚು; ಆದ್ದರಿಂದಲೇ ಅದು ಬೇಗ ತಣ್ಣಗಾಗುತ್ತದೆ. ದೊಡ್ಡ ಪಾತ್ರೆಯ ಅನ್ನ ಬಿಸಿಯಾಗಿಯೇ ಇರುವಾಗ ತಟ್ಟೆಗೆ ಬಡಿಸಿದ ತುತ್ತು ಆರಿಹೋಗುವುದನ್ನು ನೀವು ದಿನವೂ ನೋಡುತ್ತೀರಿ.

ಇನ್ನೂ ಒಂದು ಮಾತು. ಎಳೆಯ ಕೂಸು ನಮ್ಮ ಹಾಗೆ ನಡುಗಿ ಶಾಖ ಪಡೆಯಲಾರದು. ಅದರ ಕುತ್ತಿಗೆ, ಬೆನ್ನಿನ ಭಾಗದಲ್ಲಿರುವ ಕಂದು ಬಣ್ಣದ ವಿಶೇಷ ಕೊಬ್ಬು ಉರಿದು ಶಾಖ ಕೊಡುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಕೂಸಿನ ಮೈಯ ಒಟ್ಟು ಮೇಲ್ಮೈಯಲ್ಲಿ ತಲೆಯದೇ ಹೆಚ್ಚು ಕಡಿಮೆ ಐದನೆಯ ಒಂದು ಪಾಲು. ನಮ್ಮಲ್ಲಿ ಅದು ಹನ್ನೊಂದನೆಯ ಒಂದು ಪಾಲಿನಷ್ಟು ಮಾತ್ರ. ಅಜ್ಜಿ "ಕುಲಾವಿ ಹಾಕು" ಎಂದು ಗದರುವುದರ ಹಿಂದೆ ಈ ವಿಜ್ಞಾನವಿದೆ.

ಮಗುವನ್ನು ಎತ್ತಿಕೊಂಡು ಏರು ಹತ್ತುವವರು ಬೆವರುತ್ತಾರೆ, ಸ್ವೆಟರ್ ಬಿಚ್ಚುತ್ತಾರೆ. ಅಲ್ಲಾಡದೆ ತೋಳಿನಲ್ಲಿ ಕುಳಿತ ಮಗು ಮಾತ್ರ ಗಾಳಿಗೆ ತಣ್ಣಗಾಗುತ್ತಿರುತ್ತದೆ. ಆದ್ದರಿಂದ ನಿಮ್ಮ ಮೈಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಮಗುವಿನ ಅಂಗೈ ಮುಟ್ಟಿದರೂ ಸಾಲದು. ಕತ್ತಿನ ಹಿಂಭಾಗ ಇಲ್ಲವೇ ಎದೆಯನ್ನು ಮುಟ್ಟಿ ನೋಡಿ. ಅಲ್ಲಿ ತಣ್ಣಗಿದ್ದರೆ ಕೂಡಲೇ ಒಳಗೆ ಕರೆದುಕೊಂಡು ಹೋಗಿ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಗಿ ಮಂಕಾದರೆ "ಪಾಪ, ನಿದ್ದೆ ಬಂದಿದೆ" ಎಂದುಕೊಳ್ಳಬೇಡಿ. ಅದು ಚಳಿ ಮೈಗೇರಿದ ಲಕ್ಷಣವೂ ಆಗಿರಬಹುದು. ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಹಾಕಿ, ಎದೆಗೆ ಅವುಚಿಕೊಂಡು ಕಂಬಳಿ ಹೊದೆಯಿರಿ. ಚೇತರಿಸದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೊರಡಬೇಕು.

ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಬಟ್ಟೆ ಮೇಲು. ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ. ಬಿಸಿಲೇರಿದಾಗ ಒಂದೊಂದಾಗಿ ತೆಗೆಯಲೂಬಹುದು. ರಾತ್ರಿ ಬಾಗಿಲು ಕಿಟಕಿ ಮುಚ್ಚಿದ ಕೊಠಡಿಯೊಳಗೆ ಇದ್ದಿಲ ಕೆಂಡ ಮಾತ್ರ ಇಡಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದೇ ಹೋಗಬಹುದು.

ಬೆಟ್ಟದ ಮೇಲೆ ಏನು ಆಡೋಣ?

ಪುಟ್ಟ ಮಕ್ಕಳಿಗೆ ಶಿಖರವೇನೂ ಬೇಕಿಲ್ಲ. ಐದು ವರ್ಷದ ತಂಗಿಗೆ ಜೇಡರ ಬಲೆಯಲ್ಲಿ ಸಾಲಾಗಿ ಕುಳಿತ ಇಬ್ಬನಿ ಹನಿಯೇ ದೊಡ್ಡ ನೋಟ. ಬಾಯಿಯಿಂದ ಬಿಟ್ಟ ಉಸಿರು ಹೊಗೆಯಾಗುವುದು ಅವಳಿಗೆ ಇಂದ್ರಜಾಲ. ಅದು ಏಕೆ ಹಾಗಾಗುತ್ತದೆಂದು ಅವಳಿಗೆ ಹೇಳಿಕೊಡುವ ಮೇಷ್ಟರು ನೀವೇ.

ಗುಲಾಬಿ ತೋಟದಲ್ಲಿ ಬಣ್ಣಗಳನ್ನು ಎಣಿಸುವ ಆಟ ಆಡಿಸಿ. ಹೂ ಕೀಳುವಂತಿಲ್ಲ ಎಂಬುದೇ ಆಟದ ನಿಯಮ. ಒಂದು ಉಷ್ಣಮಾಪಕ ಒಯ್ದು ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6 ಗಂಟೆಗೆ ನೆರಳಿನಲ್ಲಿಟ್ಟು ಓದಿ, ಬರೆದಿಡಿ. ಸಂಜೆಯಾದ ಮೇಲೆ ಉದ್ಯಾನದ ಆವರಣದಲ್ಲೇ ನಿಂತು ಪೂರ್ವಕ್ಕೆ ನೋಡಿ. ಸಾಲಾಗಿ ಮೂರು ನಕ್ಷತ್ರಗಳಿರುವ ಮಹಾವ್ಯಾಧ, ಅದರಲ್ಲಿ ಕೆಂಪಗೆ ಹೊಳೆಯುವ ಆರಿದ್ರೆ, ಇನ್ನೂ ಮೇಲೆ ರೋಹಿಣಿ, ಗೊಂಚಲಿನಂಥ ಕೃತ್ತಿಕೆ. ಪಂಚಾಂಗದಲ್ಲಿ ಅಜ್ಜಿ ಓದುವ ಹೆಸರುಗಳನ್ನು ಆಕಾಶದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಝಡ್ ಪಾಯಿಂಟ್ ವಿಷಯ ಬೇರೆ. ಅಲ್ಲಿಗೆ ಹೋಗುವ ಕಾಲುದಾರಿ ಕಿರಿದು, ಪಕ್ಕದಲ್ಲೇ ಕಣಿವೆ. ಓಡಾಡುವ ವಯಸ್ಸಿನ ಮಗುವನ್ನು ಕೈಬಿಟ್ಟು ನಡೆಸುವ ದಾರಿ ಇದಲ್ಲ. ಮಂಜು ಕವಿದಾಗ ದೊಡ್ಡವರೂ ಮುಂದುವರಿಯಬಾರದು. ಹೆಬ್ಬೆ ಜಲಪಾತ ಸುಮಾರು 168 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಧುಮುಕುತ್ತದೆ. ಕಲ್ಲತ್ತಿಗಿರಿಯಲ್ಲಿ ನೀರು ವೀರಭದ್ರ ದೇವಾಲಯದ ಬಳಿಯೇ ಹರಿಯುತ್ತದೆ. ಎರಡು ಕಡೆಯೂ ಪಾಚಿಗಟ್ಟಿದ ಬಂಡೆ ಜಾರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆಯುವುದರಿಂದ ಚಳಿಗಾಲದಲ್ಲಿ ಮಗುವನ್ನು ನೀರಿಗಿಳಿಸುವುದು ಬೇಡ.

ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಇದನ್ನು ಹರಡುವುದು ಉಣ್ಣೆ ಎಂಬ ಸಣ್ಣ ಜೀವಿ. ಕಾಡಿನ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಸತ್ತ ಮಂಗದ ಹತ್ತಿರ ಸುಳಿಯಬೇಡಿ, ಹಿಂತಿರುಗಿದ ಮೇಲೆ ಮೈ ಮತ್ತು ಬಟ್ಟೆಯನ್ನು ಹುಡುಕಿ ನೋಡಿ.

ಸರದಿಯ ಕಾವಲು

ವಿದೇಶದ ಸ್ಕೀಯಿಂಗ್ ತಾಣಗಳಲ್ಲಿ ಮಕ್ಕಳಿಗೆಂದೇ ಶಿಶುವಿಹಾರಗಳಿರುತ್ತವೆ. ತಂದೆತಾಯಿ ಹಣ ಕೊಟ್ಟು ಮಗುವನ್ನು ಒಪ್ಪಿಸುತ್ತಾರೆ. ಯಾರು ಬಿಟ್ಟರು, ಯಾರು ಕರೆದೊಯ್ದರು ಎಂದು ಬರೆದಿಡುತ್ತಾರೆ. ಮಗು ಸ್ವಲ್ಪ ಹೊತ್ತು ಹಿಮದಲ್ಲಿ ಆಡಿದರೆ, ಸ್ವಲ್ಪ ಹೊತ್ತು ಬೆಚ್ಚಗಿನ ಕೋಣೆಯಲ್ಲಿರುತ್ತದೆ. ನಮ್ಮ ಬೆಟ್ಟದಲ್ಲಿ ನಮ್ಮ ಮನೆಯವರೇ ಆ ಕೆಲಸ ಮಾಡಬೇಕು. ಹಾಗಿದ್ದರೂ ಆ ಪದ್ಧತಿಯಿಂದ ನಾವು ಮೂರು ಪಾಠ ಕಲಿಯಬಹುದು.

ಮೊದಲನೆಯದು, ಮಗು ಯಾವ ಹೊತ್ತಿನಲ್ಲಿ ಯಾರ ವಶದಲ್ಲಿದೆ ಎಂಬುದು ಸ್ಪಷ್ಟವಾಗಿರಬೇಕು. ಎಂಟು ಜನ ಒಟ್ಟಿಗಿದ್ದಾಗ "ಯಾರಾದರೂ ನೋಡಿಕೊಳ್ಳುತ್ತಾರೆ" ಎಂದುಕೊಂಡರೆ ಯಾರೂ ನೋಡುವುದಿಲ್ಲ. ಬಾಯಿಬಿಟ್ಟು ಹೇಳಿ: "ಈಗ ಪುಟ್ಟ ನನ್ನ ಹತ್ತಿರ." ಬಿಡುವಾಗಲೂ ಹೇಳಿ: "ಅಣ್ಣಾ, ಇನ್ನು ನಿನ್ನ ಸರದಿ." ಎರಡನೆಯದು, ಒಂದು ಗಂಟೆ ಹೊರಗಿದ್ದರೆ ಅರ್ಧ ಗಂಟೆ ಒಳಗೆ, ಆಗ ಬೆಚ್ಚಗಿನ ಹಾಲೋ ಗಂಜಿಯೋ ಕೊಡಿ. ಚಳಿಯಲ್ಲಿ ಬಾಯಾರಿಕೆ ತಿಳಿಯದು, ಆದ್ದರಿಂದ ನೀರನ್ನೂ ಕೇಳಿ ಕುಡಿಸಿ. ಮೂರನೆಯದು, ಕಾವಲಿಗಿರುವವರು ಫೋನು ಬದಿಗಿಟ್ಟು ಅದನ್ನೇ ಮಾಡಬೇಕು.

ಸರದಿಯ ಪಟ್ಟಿಯಲ್ಲಿ ಅಪ್ಪ, ಮಾವ, ಕಾಲೇಜಿಗೆ ಹೋಗುವ ಅಣ್ಣ ಎಲ್ಲರ ಹೆಸರೂ ಇರಲಿ. ಹೆಣ್ಣುಮಕ್ಕಳ ಹೆಸರೇ ತುಂಬಿದ್ದರೆ ಅದು ಸರದಿಯಲ್ಲ. ಹೈಸ್ಕೂಲಿನ ವಿದ್ಯಾರ್ಥಿಗಳು ಗುಲಾಬಿ ತೋಟದಲ್ಲಿ ತಂಗಿಯನ್ನು ಆಡಿಸಬಲ್ಲರು. ಕಣಿವೆಯ ಅಂಚಿನಲ್ಲಿ, ನೀರಿನ ಬಳಿಯಲ್ಲಿ ಮಾತ್ರ ಜವಾಬ್ದಾರಿ ದೊಡ್ಡವರದ್ದೇ. ತುರ್ತಿಗೆ 108 ಮತ್ತು 112 ಸಂಖ್ಯೆಗಳು ನೆನಪಿನಲ್ಲಿರಲಿ. ಬೆಟ್ಟದಲ್ಲಿ ಎಲ್ಲ ಕಡೆಯೂ ಫೋನು ಕೆಲಸ ಮಾಡದು. ತಾಲ್ಲೂಕು ಆಸ್ಪತ್ರೆ ಇರುವುದು ಕೆಳಗೆ ತರೀಕೆರೆಯಲ್ಲಿ.

ತೋಟದ ಮಕ್ಕಳು

ಈ ಬೆಟ್ಟಗಳಲ್ಲಿ ಚಳಿಗಾಲವೆಂದರೆ ಪ್ರವಾಸದ ಕಾಲ ಮಾತ್ರವಲ್ಲ, ಕಾಫಿ ಹಣ್ಣು ಕೊಯ್ಯುವ ಕಾಲವೂ ಹೌದು. ನೀವು ಸ್ವೆಟರ್ ತೊಟ್ಟು ಸೂರ್ಯೋದಯಕ್ಕೆ ಹೊರಡುವ ಹೊತ್ತಿಗೇ ಕೊಯ್ಲಿನ ಹೆಂಗಸರು ಕೆಲಸಕ್ಕೆ ಸಿದ್ಧರಾಗುತ್ತಿರುತ್ತಾರೆ. ಅವರಿಗೂ ಪುಟ್ಟ ಮಕ್ಕಳಿದ್ದಾರೆ. ಅವರನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ದೇಶದ ಕಾನೂನು ಬಹಳ ಹಿಂದೆಯೇ ಎತ್ತಿಕೊಂಡಿತು. 50 ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಮಾಲೀಕರೇ ಕೋಣೆ ಒದಗಿಸಬೇಕು ಎಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ವಿಧಿಸಿತು. ಆ ಕೋಣೆಗೆ ಗಾಳಿ ಬೆಳಕಿರಬೇಕು, ಅದು ಸ್ವಚ್ಛವಾಗಿರಬೇಕು, ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯೊಬ್ಬರು ಅಲ್ಲಿರಬೇಕು ಎಂದೂ ಹೇಳಿತು. 2020ರ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಶಿಶುವಿಹಾರದ ಮಾತಿದೆ. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆ ತಂದಿತು. ಆದರೆ ರಾಜ್ಯದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಕೆಲವೇ ಆಳುಗಳು ದುಡಿಯುವ ಚಿಕ್ಕ ತೋಟಗಳಿಗೆ ಐವತ್ತರ ಲೆಕ್ಕ ಮುಟ್ಟುವುದಿಲ್ಲ.

ತಾಯಿಯ ಬಿಡುವಾಗಲಿ, ತಾಯಿಯ ದುಡಿಮೆಯಾಗಲಿ, ಎರಡೂ ನಡೆಯಬೇಕಾದರೆ ಮಗುವಿಗೆ ಇನ್ನೊಂದು ಜೊತೆ ಕೈಗಳು ಬೇಕು. ತೋಟದಲ್ಲಿ ಆ ಕೈಗಳನ್ನು ಒದಗಿಸುವುದು ಕಾನೂನಿನ ಮತ್ತು ಸಮಾಜದ ಹೊಣೆ. ನಿಮ್ಮ ಮನೆಯ ಪ್ರವಾಸದಲ್ಲಿ ಆ ಕೈಗಳು ನಿಮ್ಮವು.

ಮಾಡಿ ನೋಡಿ

1. ನಿಮ್ಮ ಊರಿನ ಎತ್ತರ ತಿಳಿದುಕೊಂಡು, ಕೆಮ್ಮಣ್ಣುಗುಂಡಿ ಅಲ್ಲಿಗಿಂತ ಎಷ್ಟು ಡಿಗ್ರಿ ತಂಪಾಗಿರಬಹುದೆಂದು ಲೆಕ್ಕ ಹಾಕಿ.

2. ಒಂದೇ ಬಿಸಿಯ ನೀರನ್ನು ಒಂದು ಚೊಂಬಿಗೂ ಒಂದು ಸಣ್ಣ ಲೋಟಕ್ಕೂ ತುಂಬಿಸಿ. ಅರ್ಧ ಗಂಟೆಯ ನಂತರ ಎರಡರ ಉಷ್ಣತೆ ಹೋಲಿಸಿ.

3. ಕಳೆದ ಪ್ರವಾಸದಲ್ಲಿ ಅಮ್ಮ ಏನೇನು ನೋಡಿದರು, ಏನೇನು ನೋಡಲಾಗಲಿಲ್ಲ ಎಂದು ಅವರನ್ನೇ ಕೇಳಿ. ಅವರ ಉತ್ತರವನ್ನು ಇಟ್ಟುಕೊಂಡು ಮುಂದಿನ ಪ್ರವಾಸದ ಸರದಿಯ ಪಟ್ಟಿ ಬರೆಯಿರಿ.