ಇಟಲಿಯ ಊಟವೂ ನಮ್ಮ ನವಣೆಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಅನೇಕ ಮನೆಗಳ ಮಕ್ಕಳು ಈಗ ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದ ಮೇಲಿರುವರು. ತಂದೆತಾಯಿಗಳು ನೋಡಲು ಹೋದಾಗ ಅವರು ಪ್ರೀತಿಯಿಂದ ಕರೆದೊಯ್ಯುವ ಸ್ಥಳಗಳಲ್ಲಿ ಇಟಲಿ ದೇಶದ ಊಟ ಬಡಿಸುವ ಭೋಜನಶಾಲೆಯೂ ಒಂದು. ಅಲ್ಲಿಯ ಗೋಡೆಗೆ ಗಿಲಾವಿಲ್ಲ. ಇಟ್ಟಿಗೆ ಬರಿದಾಗಿ ಕಾಣುತ್ತಿರುವುದು. ಮೇಜುಗಳು ಹೊಳಪಿಲ್ಲದ ದಪ್ಪ ಹಲಗೆಯವು. ಮೂಲೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿರುವುದು. ಎಲ್ಲವೂ ಹಳ್ಳಿಯ ಮನೆಯಂತೆ. ಬೆಲೆಯ ಪಟ್ಟಿ ಮಾತ್ರ ಅರಮನೆಯದು! ಒಂದು ತಟ್ಟೆಯ ಬೆಲೆಗೆ ನಮ್ಮೂರ ಖಾನಾವಳಿಯಲ್ಲಿ ಐದಾರು ಮಂದಿ ರೊಟ್ಟಿ, ಎಣ್ಣೆಗಾಯಿ ಉಂಡೇಳಬಹುದು. ಹಿರಿಯರು ಸಂಕೋಚಪಟ್ಟು, ಹಸಿವಿಲ್ಲವೆಂದು ಹೇಳಿ, ನೀರು ಕುಡಿದು ಕುಳಿತುಬಿಡುವುದನ್ನು ನಾವು ಕಂಡಿದ್ದೇವೆ. ಈ ಸಂಕೋಚವು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಆ ಮೇಜಿನ ಮೇಲೆ ಬರುವ ಪದಾರ್ಥದ ಗುಣದೋಷಗಳನ್ನು ಬಲ್ಲವರು ಯಾರಾದರೂ ಅಲ್ಲಿದ್ದರೆ ಅವರು ಆ ಹಿರಿಯರೇ.

ಇಟಲಿಯವರು ಈ ಬಗೆಯ ಅಡಿಗೆಯನ್ನು ‘ಕುಚೀನಾ ಪೋವೆರಾ’ ಎನ್ನುವರು. ಬಡವರ ಅಡಿಗೆಯೆಂದು ಅದರ ಅರ್ಥ. ತೊಸ್ಕಾನ ಪ್ರಾಂತದ ‘ರಿಬೊಲ್ಲೀತಾ’ ಎಂಬುದನ್ನು ನೋಡಿರಿ. ಒಣಗಿ ಗಟ್ಟಿಯಾದ ಬ್ರೆಡ್ಡಿನ ತುಂಡು, ಬಿಳಿಯ ಹುರುಳಿಕಾಯಿ ಬೀಜ, ಕರಿಯೆಲೆಯ ಕೋಸು, ಮೇಲೊಂದು ಧಾರೆ ಓಲಿವ್ ಎಣ್ಣೆ; ಇಷ್ಟೇ. ‘ಮರಳಿ ಕುದಿಸಿದ್ದು’ ಎಂದು ಆ ಹೆಸರಿನ ಅರ್ಥ. ನಿನ್ನೆಯ ಸಾರನ್ನು ಇಂದು ಕುದಿಸಿ, ಅದರಲ್ಲಿ ಖಡಕ್ ರೊಟ್ಟಿ ಮುರಿದು ಹಾಕುವ ನಮ್ಮ ಗೃಹಿಣಿಗೆ ಇದನ್ನು ವಿವರಿಸಿ ಹೇಳಬೇಕೆ?

ಉತ್ತರ ಇಟಲಿಯ ‘ಪೊಲೆಂತಾ’ ಇನ್ನೂ ಹತ್ತಿರದ ನೆಂಟ. ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯ ಹೊತ್ತು ತಿರುವಿ ತಿರುವಿ ಬೇಯಿಸಿ, ಮರದ ಹಲಗೆಯ ಮೇಲೆ ಸುರುವಿ, ದಾರದಿಂದ ಕೊಯ್ದು ಹಂಚುವರು. ನುಚ್ಚು, ಸಂಗಟಿಗಳನ್ನು ತಿರುವಿದ ಕೈಗೆ ಆ ಶ್ರಮವು ತಿಳಿದದ್ದೇ. ಆದರೆ ಮೆಕ್ಕೆಜೋಳವು ಇಟಲಿಯದಲ್ಲ. ಕೊಲಂಬಸನು ೧೪೯೨ರಲ್ಲಿ ಅಮೆರಿಕವನ್ನು ಮುಟ್ಟಿದ ಮೇಲೆ ಅಲ್ಲಿಗೆ ಬಂದುದು. ಅದಕ್ಕೆ ಮುಂಚೆ ಆ ರೈತರು ಇದೇ ಪದಾರ್ಥವನ್ನು ಬೇರೆ ಧಾನ್ಯಗಳಿಂದ ಮಾಡುತ್ತಿದ್ದರು. ಅವುಗಳಲ್ಲಿ ‘ಪಾನೀಕೊ’ ಎಂಬುದೊಂದು. ಪಾನೀಕೊ ಎಂದರೆ ಬೇರೇನೂ ಅಲ್ಲ, ನಮ್ಮ ನವಣೆ! ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು ೧೭೫೩ರಲ್ಲಿ ಸಸ್ಯಗಳಿಗೆ ನಾಮಕರಣ ಮಾಡುವಾಗ ಇದಕ್ಕೆ ಇಟಲಿಯ ಹೆಸರನ್ನೇ ಇಟ್ಟನು. ಇಂದಿಗೂ ಶಾಸ್ತ್ರದಲ್ಲಿ ನವಣೆಗೆ ‘ಸೆಟೇರಿಯ ಇಟಾಲಿಕ’ ಎಂದೇ ಹೆಸರು. ಧಾನ್ಯದ ತವರು ಚೀನ ದೇಶ, ಹೆಸರು ಇಟಲಿಯದು, ಅದನ್ನು ಈಗಲೂ ಬಿತ್ತಿ ಬೆಳೆದು ಅನ್ನ ಮಾಡಿ ಉಣ್ಣುವವರು ನಮ್ಮ ಕುಷ್ಟಗಿ, ಯಲಬುರ್ಗಿಗಳ ಒಕ್ಕಲಿಗರು. ಇಟಲಿಯ ಮೇಜಿನಿಂದ ಅದು ಬಹುಮಟ್ಟಿಗೆ ಮರೆಯಾಗಿದೆ.

ಇಂಥ ನಂಟು ಇನ್ನೊಂದುಂಟು. ಭೋಜನಶಾಲೆಯ ಪಟ್ಟಿಯಲ್ಲಿ ‘ಫರ್ರೊ’ ಎಂದು ಕಂಡರೆ ಅದು ಸಾಮಾನ್ಯವಾಗಿ ಜವೆ ಗೋಧಿಯೆಂದು ತಿಳಿಯಬೇಕು. ನಮ್ಮ ಹಬ್ಬದ ಹುಗ್ಗಿಯ ಗೋಧಿ. ತೊಸ್ಕಾನದ ಗಾರ್ಫಾನ್ಯಾನ ಎಂಬ ಕಣಿವೆಯ ಜವೆ ಗೋಧಿಗೆ ಯುರೋಪಿನ ಒಕ್ಕೂಟವು ೧೯೯೬ರಲ್ಲಿ ಊರ ಹೆಸರಿನ ರಕ್ಷಣೆಯನ್ನು ಕೊಟ್ಟಿತು. ಬೇರೆ ನೆಲದ ಕಾಳನ್ನು ಆ ಹೆಸರಿನಿಂದ ಮಾರಕೂಡದು. ಬೆಲೆ ಏರುವ ಗುಟ್ಟಿನಲ್ಲಿ ಇದೂ ಒಂದು. ಅವರು ಕಾಳಿನ ಹೆಸರು, ಹೊಲದ ಹೆಸರು, ಅಜ್ಜಿಯ ಕೈಯ ಹೆಸರು ಹೇಳಿ ಬಡಿಸುವರು. ದಕ್ಷಿಣ ಇಟಲಿಯ ಬಾರಿ ಪಟ್ಟಣದ ಹಳೆಯ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ಕುಳಿತು, ರವೆಯ ಕಣಕವನ್ನು ಹೊಸೆದು, ತುಂಡರಿಸಿ, ಹೆಬ್ಬೆರಳಿನಿಂದ ಚಿಕ್ಕ ಕಿವಿಯಂತೆ ಮಾಡಿ ಒಣಗಿಸುವರು. ಅದನ್ನು ನೋಡಲು ಪರದೇಶದವರು ನೆರೆಯುವರು. ನಮ್ಮಲ್ಲಿ ಮದುವೆಯ ಮುಂಚೆ ಓಣಿಯ ಹೆಂಗಸರು ಕೂಡಿ ಗವಲಿ, ಪರಡಿ, ಗುಳಗಿ, ಸೌತೆಬೀಜಗಳನ್ನು ಮಾಡುತ್ತಿದ್ದುದು ಇದಕ್ಕಿಂತ ಯಾವ ವಿಧದಲ್ಲಿ ಕಡಿಮೆ? ಯಂತ್ರದ ಶಾವಿಗೆ ಬಂದ ಮೇಲೆ ಆ ಕೈಗಳು ವಿರಳವಾದುವು. ಮಗಳು ಕಲಿಯಲಿಲ್ಲ, ಮೊಮ್ಮಗಳು ಅದರ ಹೆಸರನ್ನೂ ಅರಿಯಳು. ಆ ಮೊಮ್ಮಗಳೇ ಪಟ್ಟಣದಲ್ಲಿ ಇಟಲಿಯ ‘ಚಿಕ್ಕ ಕಿವಿ’ಗೆ ಹಣ ತೆತ್ತು ಅಜ್ಜಿಗೆ ತಿನ್ನಿಸುವಳು. ಇದನ್ನು ಹಾಸ್ಯಕ್ಕೆಂದು ಬರೆಯುತ್ತಿಲ್ಲ.

ಇಟಲಿಯವರಿಗೆ ನಮ್ಮ ಸೀಮೆ ಹೊಸದಲ್ಲ. ನಿಕೊಲೊ ಕೊಂತಿ ಎಂಬ ವರ್ತಕನು ೧೪೨೦ರ ಸುಮಾರಿಗೆ ವಿಜಯನಗರವನ್ನು ಕಂಡನು. ವೆನಿಸ್ಸಿನ ಚೇಸರೆ ಫೆದೆರಿಚಿ ೧೫೬೭ರಲ್ಲಿ, ಎಂದರೆ ರಾಜಧಾನಿ ಹಾಳಾದ ಎರಡು ವರ್ಷಕ್ಕೆ ಬಂದು, ದಾರಿಯಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಅಲ್ಲಿಯೇ ಉಳಿದನು. ಇಂದು ನಾವು ಇಟಲಿಯ ಗುರುತೆಂದು ತಿಳಿದಿರುವ ಕೆಂಪು ಟೊಮೆಟೊ ರಸವನ್ನು ಇವರಿಬ್ಬರೂ ಅರಿಯರು. ಅದರ ಪಾಕವು ಆ ದೇಶದ ಅಡಿಗೆಯ ಪುಸ್ತಕಗಳಲ್ಲಿ ಕಾಣಿಸಿಕೊಂಡುದು ೧೭ನೆಯ ಶತಮಾನದ ಕೊನೆಗೆ. ನಮ್ಮ ಕೆಂಪು ಮೆಣಸಿನಕಾಯಿಯೂ ಅಮೆರಿಕದಿಂದ ಬಂದ ಅತಿಥಿಯೇ.

ಈಚೆಗೆ ಹಂಪಿಯ ಎದುರು ದಡದಲ್ಲಿ, ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡೆಯ ಮೇಲೆ, ಪರದೇಶದ ಪ್ರವಾಸಿಗಳಿಗಾಗಿ ವಸತಿಗೃಹಗಳು ಎದ್ದಿದ್ದುವು. ಸುತ್ತಲೂ ಬತ್ತದ ಗದ್ದೆ. ನೆಲದ ಮೇಲೆ ಹಾಸಿಗೆ, ದಿಂಬು. ತಟ್ಟೆಯಲ್ಲಿ ಪಿಜ್ಜಾ, ಪಾಸ್ತಾ. ಕಾಯಿದೆಗೆ ವಿರುದ್ಧವಾದ ಕಟ್ಟಡಗಳೆಂದು ಸುಪ್ರೀಂ ಕೋರ್ಟು ೨೦೨೦ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮಾರ್ಚಿಯಲ್ಲಿ ಅವನ್ನು ಕೆಡವಿದರು. ಸ್ಮಾರಕಗಳ ರಕ್ಷಣೆ ಆಗಬೇಕಾದುದೇ. ಆದರೂ ಅಲ್ಲಿ ಒಲೆ ಹೂಡಿದ್ದ ಸಂಸಾರಗಳು ಜೀವನೋಪಾಯವನ್ನು ಕಳೆದುಕೊಂಡುವೆಂಬುದನ್ನು ಮರೆಯಲಾಗದು. ಅಲ್ಲಿ ನವಣೆಯನ್ನೋ ಗವಲಿಯನ್ನೋ ಅತಿಥಿಯ ಮುಂದಿಟ್ಟಿದ್ದರೆ ಎಷ್ಟು ಸೊಗಸಾಗುತ್ತಿದ್ದಿತೆಂದು ನಮಗೆ ಆಗಾಗ ತೋರುವುದು.

ಈಗ ಉಣ್ಣುವ ಕ್ರಮದ ಎರಡು ಮಾತು. ಮೊದಲು ಪಾಸ್ತಾ ಅಥವಾ ಅನ್ನದ ಪದಾರ್ಥ, ಬಳಿಕ ಮುಖ್ಯ ಭಕ್ಷ್ಯ. ಎಲ್ಲವನ್ನೂ ಒಂದೇ ಸಲಕ್ಕೆ ಬಡಿಸುವುದಿಲ್ಲ. ಪಾಸ್ತಾದ ನಡುವೆ ತುಸು ಗಟ್ಟಿ ಇದ್ದರೆ ಬೆಂದಿಲ್ಲವೆಂದು ಭಾವಿಸಬಾರದು. ಅವರ ಹದವೇ ಅದು. ‘ರಿಸೊತ್ತೊ’ ಎಂಬ ಅನ್ನವು ಮುದ್ದೆಯಾಗಿರಬೇಕು. ಅದರ ಅಕ್ಕಿ ಗುಂಡಾಗಿ, ಪಿಷ್ಟ ಹೆಚ್ಚಾಗಿರುವುದು. ನಮ್ಮ ಗಂಗಾವತಿಯ ಸೋನಾ ಮಸೂರಿ ಅದಕ್ಕೆ ಒಗ್ಗದು. ಶಾಕಾಹಾರಿಗಳು ಎರಡು ವಿಷಯಗಳನ್ನು ಮೊದಲೇ ವಿಚಾರಿಸಬೇಕು. ರಿಸೊತ್ತೊ ಮತ್ತು ತರಕಾರಿಯ ಸಾರುಗಳನ್ನು ಮಾಂಸದ ರಸದಲ್ಲಿ ಬೇಯಿಸುವುದುಂಟು. ಎರಡನೆಯದು ಹೆಚ್ಚಿನವರಿಗೆ ತಿಳಿಯದು: ಪಾಸ್ತಾದ ಮೇಲೆ ತುರಿದು ಉದುರಿಸುವ ‘ಪಾರ್ಮಿಜಾನೊ’ ಎಂಬ ಗಟ್ಟಿ ಚೀಜಿಗೆ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ; ಆ ಹೆಸರಿನ ಚೀಜಿಗೆ ಹಾಗೆ ಮಾಡಬೇಕೆಂದೇ ನಿಯಮವಿದೆ. ಬೇರೆ ಹೆಪ್ಪಿನ ಚೀಜುಗಳೂ ದೊರೆಯುವುವು. ಯಾವುದನ್ನು ಉಪಯೋಗಿಸುವರೆಂದು ಕೇಳಿದರೆ ಬಡಿಸುವವನು ಒಳಗೆ ಹೋಗಿ ವಿಚಾರಿಸಿ ಬಂದು ಹೇಳುವನು.